ರಬ್ಬರಿಗೆ ಬೇರೆ ತಟ್ಟೆ

ಗಾಡಿ ನಿಲ್ಲಿಸಿ ಇಳಿದ ಕೂಡಲೇ ಮುಂದಿನ ಎರಡು ಚಕ್ರಗಳ ನಡುಭಾಗಕ್ಕೆ ಅಂಗೈ ಇಟ್ಟು ನೋಡುವುದು ಆ ಡ್ರೈವರನ ಅಭ್ಯಾಸವಾಗಿತ್ತು. ಸೇನೆಯಲ್ಲಿದ್ದಾಗ ಕಲಿತದ್ದಂತೆ. ಬೇರೆ ಡ್ರೈವರುಗಳು ಇಳಿದವರೇ ಬೀಡಿ ಹುಡುಕಿದರೆ ಇವನು ಮೊದಲು ಚಕ್ರ ಮುಟ್ಟುತ್ತಿದ್ದ, ಆಮೇಲೆ ಬೀಡಿ. "ಜ್ವರ ಬಂದದೇನ್ಲಾ ನಿನ್ನ ಎತ್ಗೆ?" ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ. ಆ ನಗು ನಿಂತುಹೋದ ಕೆಲವು ವಾರಗಳ ಕಥೆ ಇದು. ತಪ್ಪು ಯಾರದು ಎಂಬುದನ್ನು ಮುಚ್ಚಿಟ್ಟುಕೊಂಡು ಕೊನೆಗೆ ತೆರೆದು ತೋರಿಸುವ ಆಟ ನನಗೆ ಬೇಡ. ತಪ್ಪು ನನ್ನದು. ಅದು ನನಗೇ ತಿಳಿಯಲು ಎಷ್ಟು ದಿನ ಹಿಡಿಯಿತು, ತಿಳಿದ ಮೇಲೆ ಏನಾಯಿತು ಎಂಬುದನ್ನು ಮಾತ್ರ ಬರೆಯುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕಕ್ಕೆ ನನ್ನ ಗಾಡಿ ರಿಪೇರಿಯ ತಗಡಿನ ಶೆಡ್ಡು. ಶೆಡ್ಡಿನ ಜಾಗ ಅರಿಸಿನ ಮಂಡಿಯ ಯಜಮಾನರದು. ಆ ಡ್ರೈವರು ಓಡಿಸುತ್ತಿದ್ದ ಪಿಕಪ್ ಗಾಡಿಯೂ ಅವರದೇ. ಯುದ್ಧ ಮುಗಿದ ಮೇಲೆ ಸೇನೆಯವರು ಹರಾಜು ಹಾಕಿದ ಗಾಡಿಗಳಲ್ಲಿ ಅದೊಂದು. ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ಸುತ್ತಲ ಹಳ್ಳಿಗಳ ಅರಿಸಿನವೆಲ್ಲ ಮಂಡಿಗೆ ಬರುತ್ತಿತ್ತು, ಮಂಡಿಯಿಂದ ಈ ಗಾಡಿಯಲ್ಲಿ ಚಾಮರಾಜನಗರದ ರೈಲು ಸ್ಟೇಷನ್ನಿಗೆ ಹೋಗುತ್ತಿತ್ತು. ಗಾಡಿ ನಿಂತರೆ ಮಂಡಿ ನಿಂತ ಹಾಗೆ.

ಡ್ರೈವರು ಹತ್ತಿರದ ಹಂಗಳ ಹಳ್ಳಿಯವನು, ಊರಾಚೆ ಕೇರಿಯವನು. ಯುದ್ಧದ ಕಾಲದಲ್ಲಿ ಸೇನೆ ಸೇರಿ, ಅಲ್ಲಿ ಗಾಡಿ ಓಡಿಸುವುದನ್ನು ಕಲಿತು ಬಂದಿದ್ದ. ನಮ್ಮ ಸೀಮೆಯಲ್ಲಿ ಆಗ ಲೈಸೆನ್ಸ್ ಇದ್ದವರೇ ಅಪರೂಪ, ಹಾಗಾಗಿ ಯಜಮಾನರು ಅವನನ್ನು ಇಟ್ಟುಕೊಂಡಿದ್ದರು. ಅವನು ಮಂಡಿಯ ಜಗುಲಿ ಹತ್ತುವಂತಿರಲಿಲ್ಲ, ಗಾಡಿಯ ಸೀಟು ಹತ್ತಬಹುದಿತ್ತು. ಅವನು ಉಣ್ಣುವ ತಟ್ಟೆಯನ್ನು ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಸಿಕ್ಕಿಸಿಟ್ಟಿರುತ್ತಿದ್ದರು. ಆ ಕೇರಿಯಲ್ಲಿ ಸ್ಟೇರಿಂಗ್ ಹಿಡಿದ ಮೊದಲನೆಯವನು ಅವನು. ಆ ಸೀಟು ಹೋದರೆ ಇನ್ನೊಂದು ಸೀಟು ಸಿಗುವುದು ಕಷ್ಟವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಂದು ದಿನ ಬೆಳಿಗ್ಗೆ ಅವನು ಗಾಡಿ ತಂದು ನಿಲ್ಲಿಸಿ, "ಮುಂದ್ಲ ಚಕ್ರದೊಳ್ಗೆ ಬ್ರೇಕ್ ಆಯಿಲ್ ಸೋರ್ತಾ ಅದೆ ಮೇಸ್ತ್ರಿ, ಎಲ್ಡು ಕಡೆಯೂವೆ" ಎಂದ. ಚಕ್ರ ಬಿಚ್ಚಿ ನೋಡಿದೆ. ಈ ಗಾಡಿಯದು ಎಣ್ಣೆಯ ಬ್ರೇಕು. ಪೆಡಲ್ ಒತ್ತಿದರೆ ಎಣ್ಣೆ ಸಣ್ಣ ಕೊಳವೆಗಳಲ್ಲಿ ಹಾದು ಪ್ರತಿ ಚಕ್ರದ ಒಳಗಿನ ಸಿಲಿಂಡರಿಗೆ ಬರುತ್ತದೆ. ಸಿಲಿಂಡರಿನ ಎರಡು ತುದಿಯ ಪಿಸ್ಟನ್ನುಗಳು ಹೊರಕ್ಕೆ ಸರಿದು ಶೂ ಎಂಬ ಎರಡು ಕಮಾನುಗಳನ್ನು ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತವೆ. ಕಾಲು ತೆಗೆದರೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆಳೆಯುತ್ತವೆ. ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಪಿಸ್ಟನ್ನಿನ ಹಿಂದೆ ಕೂರುವ ಒಂದು ರಬ್ಬರ್ ಬಟ್ಟಲು, ಅಡಿಕೆಯಷ್ಟು ದಪ್ಪದ್ದು. ಮುಂದಿನ ನಾಲ್ಕು ಬಟ್ಟಲುಗಳೂ ಸವೆದಿದ್ದವು. ಸೋರಿದ ಎಣ್ಣೆ ಶೂಗಳ ಮೇಲೆ ಉಜ್ಜುವ ಪಟ್ಟಿಯನ್ನು, ಅಂದರೆ ಲೈನಿಂಗನ್ನು, ನೆನೆಸಿ ಹಾಳು ಮಾಡಿತ್ತು. ಬಟ್ಟಲು, ಲೈನಿಂಗು, ಸ್ಪ್ರಿಂಗು ಎಲ್ಲವನ್ನೂ ಮೈಸೂರಿನಿಂದ ಬಸ್ಸಿನಲ್ಲಿ ತರಿಸಿದೆ.

ಇನ್ನು ನನ್ನ ಸೀಮೆಎಣ್ಣೆ ತಟ್ಟೆಯ ವಿಷಯ ಹೇಳಬೇಕು. ನನಗೆ ಕೆಲಸ ಕಲಿಸಿದ ಮೈಸೂರಿನ ಹಿರಿಯ ಮೇಸ್ತ್ರಿ ಬಲು ಮಡಿವಂತ. ಹೊಸ ಸಾಮಾನು ಎಷ್ಟೋ ಊರು ಸುತ್ತಿ, ಎಷ್ಟೋ ಕೈ ದಾಟಿ ಬಂದಿರುತ್ತದೆ, ಸ್ನಾನ ಮಾಡಿಸದೆ ಅದನ್ನು ಗಾಡಿಯೊಳಕ್ಕೆ ಬಿಡಬಾರದು ಎನ್ನುತ್ತಿದ್ದರು. ಸ್ನಾನ ಎಂದರೆ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕುವುದು. ಬೆಳಿಗ್ಗೆ ತೆಗೆದು, ಒರೆಸಿ, ವಿಭೂತಿಯ ಗಟ್ಟಿಯಿಂದ ಒಂದು ಗೆರೆ ಎಳೆದು ಜೋಡಿಸಬೇಕು. ಬೇರಿಂಗಿಗೆ, ಬುಷ್ಷಿಗೆ, ವಾಲ್ವಿಗೆ ಈ ಸ್ನಾನ ಒಳ್ಳೆಯದೇ; ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ಪೂರ್ತಿ ಬಿಡುತ್ತದೆ. ನಾನು ಹನ್ನೆರಡು ವರ್ಷ ಹಾಗೇ ಮಾಡಿಕೊಂಡು ಬಂದಿದ್ದೆ. ಆದರೆ ನಾನು ಕಲಿತ ಬ್ರೇಕುಗಳೆಲ್ಲ ಕಬ್ಬಿಣದ ಸರಳಿನವು. ಎಣ್ಣೆಯ ಬ್ರೇಕನ್ನು ನಾನು ಅಷ್ಟರೊಳಗೆ ಬಿಚ್ಚಿದ್ದು ಎರಡೋ ಮೂರೋ ಸಲ, ಅದೂ ಲೈನಿಂಗ್ ಬದಲಿಸಲು ಮಾತ್ರ.

ಸಾಮಾನು ಬಂದ ಸಂಜೆ ಸ್ಪ್ರಿಂಗು, ಪಿಸ್ಟನ್ನು, ರಬ್ಬರ್ ಬಟ್ಟಲು ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಸೀಮೆಎಣ್ಣೆ ಹುಯ್ಯುತ್ತಿದ್ದೆ. ಡ್ರೈವರು ಶೆಡ್ಡಿನ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ.

"ಮೇಸ್ತ್ರಿ, ಮಿಲಿಟ್ರಿಲಿ ರಬ್ಬರ್ ಸಾಮಾನ್ನ ಇದ್ರೊಳ್ಗೆ ಆಕ್ತಿರ್ಲಿಲ್ಲ" ಎಂದ. "ಅದುಕ್ಕೆ ಬೇರೆ ತಟ್ಟೆ ಇತ್ತು."

"ಬೇರೆ ತಟ್ಟೆನಾ?" ಎಂದೆ ನಾನು. "ನಿಮ್ಮ ಮಿಲಿಟ್ರೀಲಿ ರಬ್ಬರ್ಗೂ ಬೇರೆ ತಟ್ಟೆ ಮಡುಗ್ತಿದ್ರಾ? ಅದು ಯಾವ ಕೇರೀದ್ಲಾ?"

ಹೇಳಿ ನಗಾಡಿದೆ. ನನ್ನ ಬಾಯಿ ಆಗೆಲ್ಲ ಹಾಗೆಯೇ ಇತ್ತು. ಮಾತು ಮೊದಲು ಹೊರಗೆ ಬರುತ್ತಿತ್ತು, ಯೋಚನೆ ಆಮೇಲೆ. ಅವನು ನಗಲಿಲ್ಲ. ಆ ತಟ್ಟೆಯಲ್ಲಿ ಏನಿರುತ್ತಿತ್ತು, ಯಾಕೆ ಹಾಗೆ ಮಾಡುತ್ತಿದ್ದರು ಎಂಬುದನ್ನು ನಾನು ಕೇಳಲೂ ಇಲ್ಲ. ಅವನು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮರುದಿನ ಎಲ್ಲವನ್ನೂ ಜೋಡಿಸಿದೆ. ಹೊಸ ಲೈನಿಂಗನ್ನು ಶೂಗಳಿಗೆ ರಿವೆಟ್ ಹೊಡೆದು ಕೂರಿಸಿದೆ. ಬಟ್ಟಲುಗಳು ಸಿಲಿಂಡರಿನೊಳಗೆ ಕೊಂಚ ಬಿಗಿಯಾಗಿಯೇ ಹೋದವು. ಹೊಸದು, ಬಿಗಿ ಇದ್ದೇ ಇರುತ್ತದೆ ಎಂದುಕೊಂಡೆ. ಕೊಳವೆಗಳಲ್ಲಿ ಸೇರಿದ ಗಾಳಿ ತೆಗೆಯಬೇಕಾದರೆ ಒಬ್ಬರು ಪೆಡಲ್ ಮೇಲಿರಬೇಕು, ಒಬ್ಬರು ಚಕ್ರದ ಹತ್ತಿರ. ಡ್ರೈವರು ಸೀಟಿನಲ್ಲಿ ಕೂತ. ನಾನು ಸಿಲಿಂಡರಿನ ಹಿಂದಿನ, ಗಾಳಿ ಬಿಡುವ ನಿಪ್ಪಲನ್ನು ಸಡಿಲಿಸಿ "ಒತ್ತು" ಎನ್ನುತ್ತಿದ್ದೆ. ಅವನು ಒತ್ತಿ ಹಿಡಿದು "ಒತ್ತಿವ್ನಿ" ಎನ್ನುತ್ತಿದ್ದ. ಗುಳ್ಳೆ ಬೆರೆತ ಎಣ್ಣೆ ಬರುತ್ತಿತ್ತು. ನಿಪ್ಪಲ್ ಬಿಗಿಮಾಡಿ "ಬುಡು" ಎನ್ನುತ್ತಿದ್ದೆ. ಅವನ ಕಾಲಿನ ಲಯ ಚೆನ್ನಾಗಿತ್ತು, ನಾನು ಹೇಳುವ ಮೊದಲು ಒಂದು ಸಲವೂ ಬಿಡುತ್ತಿರಲಿಲ್ಲ. ಪೆಡಲ್ ಗಟ್ಟಿಯಾಯಿತು.

ಚಾಮರಾಜನಗರದ ದಾರಿಯ ತೆರಕಣಾಂಬಿಯವರೆಗೆ ಖಾಲಿ ಗಾಡಿ ಹೊಡೆದುಕೊಂಡು ಹೋಗಿ ಬಂದ. ಇಳಿದವನೇ ಚಕ್ರ ಮುಟ್ಟಿದ. "ಬಿಸಿ ಅದೆ" ಎಂದ.

"ಲೈನಿಂಗ್ ಹೊಸದಲ್ವಾ, ಡ್ರಮ್ಗೆ ಒಗ್ಗಬೇಕು. ಎಲ್ಡು ದಿನ ಓಡ್ಸು" ಎಂದೆ. ಇದು ಸುಳ್ಳಲ್ಲ, ಹೊಸ ಲೈನಿಂಗ್ ಮೊದಮೊದಲು ಉಜ್ಜುತ್ತದೆ. ಆದರೆ ಎರಡು ದಿನದ ಮೇಲೆ ಬಿಸಿ ಕಡಿಮೆಯಾಗಬೇಕಿತ್ತು, ಹೆಚ್ಚಿತು. ಸಮತಟ್ಟು ರಸ್ತೆಯಲ್ಲೂ ಎರಡನೇ ಗೇರಿಗೆ ಇಳಿಸಬೇಕಾಗುತ್ತದೆ, ಹೊತ್ತುಕೊಂಡು ಹೋದ ಹಾಗೆ ಆಗುತ್ತದೆ ಎಂದು ಅವನು ಹೇಳಿದ. ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿದೆ. ಕೈಯಲ್ಲಿ ತಿರುವಿ ಬಿಟ್ಟರೆ ಚಕ್ರ ಎರಡು ಸುತ್ತಾದರೂ ತಾನಾಗಿ ಸುತ್ತಬೇಕು. ಅದು ಕಾಲು ಸುತ್ತೂ ಬರಲಿಲ್ಲ.

ಶೂಗಳನ್ನು ಹತ್ತಿರ ದೂರ ಮಾಡಲು ಚಕ್ರದ ಹಿಂಬದಿಯ ತಗಡಿನಲ್ಲಿ ತಿರುಗಿಸುವ ಎರಡು ಬಿಲ್ಲೆಗಳಿರುತ್ತವೆ. ಅವನ್ನು ಪೂರ್ತಿ ಸಡಿಲಿಸಿದೆ. ಚಕ್ರ ಬಿಡಿಸಿಕೊಂಡಿತು. ಪೆಡಲನ್ನು ನಾಲ್ಕು ಸಲ ಒತ್ತಿಸಿ ನೋಡಿದೆ, ಮತ್ತೆ ಹಿಡಿಯಿತು. ಸ್ಪ್ರಿಂಗ್ ಮೆತ್ತಗಿರಬೇಕೆಂದು ಬೇರೆ ಗಟ್ಟಿ ಸ್ಪ್ರಿಂಗ್ ಹಾಕಿದೆ. ಒಂದು ದಿನ ಪರವಾಗಿಲ್ಲ ಅನ್ನಿಸಿ, ಮರುದಿನ ಮತ್ತೆ ಅದೇ ಕಥೆ. ಪೆಡಲಿಗೂ, ಎಣ್ಣೆಯನ್ನು ಕೊಳವೆಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೂ ನಡುವಿನ ಸರಳಿನಲ್ಲಿ ಒಂದು ನೂಲಿನಷ್ಟು ಸಡಿಲ ಇರಬೇಕು, ಇಲ್ಲವಾದರೆ ಎಣ್ಣೆ ವಾಪಸಾಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಅದನ್ನೂ ಅಳೆದೆ. ಸರಿಯಾಗಿತ್ತು. ರಬ್ಬರ್ ಪೈಪುಗಳು ಒಳಗೇ ಊದಿಕೊಂಡು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿಲ್ಲವೇನೋ ಎಂದು ಅವನ್ನೂ ಬದಲಿಸಿದೆ. ಚಕ್ರದ ಸಿಲಿಂಡರನ್ನು ಮಾತ್ರ ಬಿಚ್ಚಲಿಲ್ಲ. ಅದರೊಳಗಿದ್ದದ್ದು ಹೊಸ ಸಾಮಾನು, ಸ್ನಾನ ಮಾಡಿಸಿ ವಿಭೂತಿ ಇಟ್ಟು ನನ್ನ ಕೈಯಾರೆ ಹಾಕಿದ್ದು. ಗಾಡಿಯಲ್ಲಿ ನಾನು ಅನುಮಾನಪಡದೆ ಬಿಟ್ಟದ್ದು ಆ ಒಂದು ಜಾಗವನ್ನೇ.

ಎಂಟನೆಯ ದಿನ ಯಜಮಾನರು ಕಾಯಲಿಲ್ಲ. ಚಾಮರಾಜನಗರದಲ್ಲಿ ಗೂಡ್ಸ್ ರೈಲಿನ ಬೋಗಿಯೊಂದು ಅವರ ಹೆಸರಿಗೆ ನಿಂತಿತ್ತು. ಅರಿಸಿನದ ಮೂಟೆ ಹೇರಿಸಿ ಗಾಡಿ ಹೊರಡಿಸಿದರು. ತೆರಕಣಾಂಬಿ ದಾಟಿದ ಮೇಲೆ ಎಡಗಡೆ ಚಕ್ರದಿಂದ ಹೊಗೆ ಎದ್ದಿತಂತೆ. ಡ್ರೈವರು ಗಾಡಿಯನ್ನು ಆಲದ ಮರದ ಕೆಳಗೆ ನಿಲ್ಲಿಸಿದ. ಕಾದ ಡ್ರಮ್ಮಿಗೆ ನೀರು ಹುಯ್ದರೆ ಸೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ದಾರಿಹೋಕರು ಬಿಂದಿಗೆ ತಂದರೂ ಹುಯ್ಯಲು ಬಿಡದೆ, ತಾನಾಗಿ ಆರುವವರೆಗೆ ಕೂತ. ಹಾಗೆ ಮೂರು ಕಡೆ ಕೂತು, ಸ್ಟೇಷನ್ ಸೇರುವ ಹೊತ್ತಿಗೆ ಸಂಜೆಯಾಗಿ, ಬೋಗಿ ಹೋಗಿಬಿಟ್ಟಿತ್ತು. ಮೂಟೆಗಳನ್ನು ಸ್ಟೇಷನ್ನಿನ ಬಯಲಲ್ಲಿ ಇಳಿಸಿದರು. ಅವತ್ತೇ ಮಳೆ ಹನಿಯಿತು.

ಮರುದಿನ ಯಜಮಾನರು ಹೇಳಿ ಕಳುಹಿಸಿದರು. ನಾನು ಜಗುಲಿಯ ಮೇಲೆ ಕೂತೆ. ಡ್ರೈವರು ಅಂಗಳದಲ್ಲಿ ನಿಂತಿದ್ದ. ಯಜಮಾನರು ಪೂಜೆ ಮುಗಿಸಿ ಬಂದಿದ್ದರು. ಕೂಗಾಡುವ ಜನವಲ್ಲ ಅವರು.

"ಮೇಸ್ತ್ರಿ, ನೀನು ಹೊಸ ಸಾಮಾನು ಆಕಿ ಎಂಟು ದಿನ ಆಯ್ತು" ಎಂದರು. "ಗಾಡಿ ಹಿಂಗಾಗಿದ್ದು ನಿನ್ನ ಕೆಲ್ಸದಿಂದ್ಲಾ, ಇವನು ಓಡ್ಸೋದ್ರಿಂದ್ಲಾ? ಒಂದೇ ಮಾತಲ್ಲಿ ಯೋಳು."

ನನಗೆ ಗೊತ್ತಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಮೇಸ್ತ್ರಿ ಎನ್ನಿಸಿಕೊಂಡವನ ಬಾಯಲ್ಲಿ ಆ ಮಾತು ಹೊರಡುವುದಿಲ್ಲ. ಶೆಡ್ಡು ನಿಂತಿರುವ ನೆಲ ಯಾರದು ಎಂಬುದೂ ಆ ಗಳಿಗೆಯಲ್ಲಿ ನೆನಪಾಯಿತು.

"ಸಾಮಾನೆಲ್ಲ ಹೊಸದು ಯಜಮಾನ್ರೇ" ಎಂದೆ. "ಕೆಲವ್ರಿಗೆ ಪೆಡಲ್ ಮೇಲೆ ಕಾಲು ಮಡಗಿಕೊಂಡೇ ಓಡ್ಸೋ ಅಭ್ಯಾಸ ಇರ್ತದೆ. ಕಾಲೇ ಏಳ್ದಿದ್ರೆ ಬ್ರೇಕು ಎಂಗೆ ಬುಟ್ಟಾತು?"

ಡ್ರೈವರು ನನ್ನನ್ನು ನೋಡಲಿಲ್ಲ. ಕೇರಿಯವರು ಯಜಮಾನರನ್ನು ಕರೆಯುವಂತೆ "ಬುದ್ಧಿ" ಎಂದು ಕರೆದು ಅವರಿಗೇ ಹೇಳಿದ. "ಬುದ್ಧಿ, ನನ್ನ ಕಾಲು ಪೆಡಲ್ ಮ್ಯಾಲಿದ್ರೆ ನಾಕೂ ಚಕ್ರ ಬಿಸಿಯಾಗ್ಬೇಕು. ಇಂದ್ಲ ಚಕ್ರ ತಣ್ಣಗೇ ಇರ್ತವೆ. ಬೇಕಾರೆ ಗಾಡಿ ಓಡ್ಸಿ ಯಾರ್ನಾರ ಮುಟ್ಟಿ ನೋಡಕ್ಕೆ ಯೋಳಿ."

ಅವನ ಮಾತು ನೂರಕ್ಕೆ ನೂರು ಸರಿ. ಪೆಡಲ್ ಒಂದೇ, ಎಣ್ಣೆ ಒಂದೇ. ಕಾಲಿನ ತಪ್ಪಾಗಿದ್ದರೆ ಹಿಂದಿನ ಚಕ್ರಗಳೂ ಹಿಡಿಯಬೇಕಿತ್ತು. ಅಷ್ಟು ಸರಳ ತರ್ಕ ನನಗೆ ಆವರೆಗೆ ಹೊಳೆದಿರಲಿಲ್ಲ. ಅವನು ಹೇಳಿದ ಕ್ಷಣ ಹೊಳೆಯಿತು. ಯಜಮಾನರು ನನ್ನ ಮುಖ ನೋಡಿದರು.

"ಮುಂದ್ಲ ಬ್ರೇಕು ಜಾಸ್ತಿ ಹಿಡೀತದೆ ಯಜಮಾನ್ರೇ, ಅದುಕ್ಕೆ ಅಲ್ಲಿ ಮೊದ್ಲು ಬಿಸಿ" ಎಂದೆ. ಅರ್ಧ ನಿಜ. ಸುಳ್ಳಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತು. ಯಜಮಾನರು ತಲೆ ಆಡಿಸಿ, "ನಾಳೆಯಿಂದ ಬರ್ಬೇಡ ಕಣಪ್ಪ" ಎಂದರು. ಅವನು ಗಾಡಿಯ ಬೀಗದ ಕೈಯನ್ನು ಜಗುಲಿಯ ಅಂಚಿನ ಕಲ್ಲಿನ ಮೇಲೆ ಇಟ್ಟ. ಕೈಯಲ್ಲಿ ಕೊಡುವಂತಿರಲಿಲ್ಲ. ಕೊಟ್ಟಿಗೆಗೆ ಹೋಗಿ ಗೋಡೆಯ ಬಿರುಕಿನಿಂದ ತನ್ನ ತಟ್ಟೆ ತೆಗೆದುಕೊಂಡು ಹೊರಟ. ನಾನು ಯಜಮಾನರ ಮನೆಯ ಕಾಫಿ ಕುಡಿದು ಶೆಡ್ಡಿಗೆ ಬಂದೆ.

ಸೀಟಿಗೆ ಯಜಮಾನರ ಅಕ್ಕನ ಮಗ ಬಂದು ಕೂತ. ಹೊಸದಾಗಿ ಲೈಸೆನ್ಸ್ ಮಾಡಿಸಿದ್ದ, ಬೀಡಿಯ ಬದಲು ಸಿಗರೇಟು ಸೇದುತ್ತಿದ್ದ, ಚಕ್ರ ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೂ ಚಕ್ರ ಬಿಸಿಯಾಗುವುದು ನಿಲ್ಲಲಿಲ್ಲ. ನಾಲ್ಕನೆಯ ದಿನಕ್ಕೆ ಗಾಡಿ ಶೆಡ್ಡಿಗೆ ಬಂತು. ಯಜಮಾನರೂ ಜೊತೆಗೆ ಬಂದಿದ್ದರು.

"ಇನ್ನೂ ಏನೋ ಅದೆ ನೋಡು ಮೇಸ್ತ್ರಿ, ಗಾಡಿ ಎಳೀತಾ ಇಲ್ಲ" ಎಂದರು.

ಅಕ್ಕನ ಮಗನ ಕಾಲು ಎಲ್ಲಿರುತ್ತದೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಹೋದ ಮೇಲೆ ಟೂಲ್ ಪೆಟ್ಟಿಗೆ ತೆರೆದೆ.

ಈ ಸಲ ಮೊದಲಿನಿಂದ ಶುರು ಮಾಡಿದೆ. ಬಿಸಿಯಾಗಿ ಹಿಡಿದುಕೊಂಡಿರುವಾಗಲೇ ಜಾಕ್ ಕೊಟ್ಟು, ಎಡ ಚಕ್ರದ ನಿಪ್ಪಲ್ ಸಡಿಲಿಸಿದೆ. ಕೊಳವೆಯಲ್ಲಿ ಒತ್ತಡ ಉಳಿದಿದ್ದರೆ ಎಣ್ಣೆ ಚಿಮ್ಮಬೇಕು, ಚಿಮ್ಮಿದ ಮೇಲೆ ಚಕ್ರ ಬಿಡಿಸಿಕೊಳ್ಳಬೇಕು. ಎಣ್ಣೆ ಚಿಮ್ಮಲಿಲ್ಲ, ಎರಡು ಹನಿ ಜಿನುಗಿತು. ಚಕ್ರ ಹಿಡಿದೇ ಇತ್ತು. ಬಲ ಚಕ್ರದ್ದೂ ಹಾಗೇ. ಅಂದರೆ ತೊಂದರೆ ಮಾಸ್ಟರ್ ಸಿಲಿಂಡರಿನಲ್ಲಿಲ್ಲ, ಪೈಪಿನಲ್ಲಿಲ್ಲ. ಹೊರಕ್ಕೆ ಸರಿದ ಪಿಸ್ಟನ್ನು ಒಳಕ್ಕೆ ಬರುತ್ತಿಲ್ಲ. ಐದು ನಿಮಿಷದ ಪರೀಕ್ಷೆ. ಇದನ್ನು ಎರಡನೆಯ ದಿನವೇ ಮಾಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಸಿಲಿಂಡರ್ ಬಿಚ್ಚಿದೆ. ಸ್ಪ್ರಿಂಗಿನ ಬಲಕ್ಕೂ ಬಾರದ ಪಿಸ್ಟನ್ನನ್ನು ಮರದ ತುಂಡಿಟ್ಟು ತಟ್ಟಿ ಹೊರಡಿಸಬೇಕಾಯಿತು. ಹಿಂದೆಯೇ ಬಂದ ರಬ್ಬರ್ ಬಟ್ಟಲು ಮೆತ್ತಗೆ, ಅಂಟಂಟಾಗಿ, ಅಂಚು ಅಗಲವಾಗಿ ಅರಳಿತ್ತು. ಮತ್ತೆ ಒಳಗೆ ಕೂರಿಸಲು ಹೋದರೆ ಹೋಗಲೇ ಇಲ್ಲ. ಆಗಲೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ. ಮೈಸೂರಿನ ಅಂಗಡಿಯವರು ತಪ್ಪು ಅಳತೆಯದು ಕೊಟ್ಟಿದ್ದಾರೆ ಎಂದು ತೀರ್ಮಾನಿಸಿದೆ. ಸಮಾಧಾನವೂ ಆಯಿತು. ತಪ್ಪು ನನ್ನದಲ್ಲ, ಡ್ರೈವರನದೂ ಅಲ್ಲ, ಯಾರೋ ದೂರದವರದು ಎಂದಾದರೆ ಎಲ್ಲರೂ ಬಚಾವು. ಹಳೆಯ ಸವೆದ ಬಟ್ಟಲನ್ನೇ ಮಾದರಿಗೆ ಕಟ್ಟಿ ಕಳುಹಿಸಿ, ಈ ಸಲ ಎರಡು ಸೆಟ್ ತರಿಸಿದೆ. ಎಂಟು ಬಟ್ಟಲು.

ನಾಲ್ಕನ್ನು ಸಂಜೆ ತಟ್ಟೆಗೆ ಹಾಕಿದೆ. ಸೀಮೆಎಣ್ಣೆ ಹುಯ್ದೆ. ಉಳಿದ ನಾಲ್ಕು ಪೊಟ್ಟಣದಲ್ಲೇ ಇದ್ದವು.

ಬೆಳಿಗ್ಗೆ ಅಳತೆಯ ಮೇಲೆ ನನಗೆ ಅನುಮಾನವಿದ್ದದ್ದರಿಂದ, ಹಾಕುವ ಮೊದಲು ಒಂದನ್ನು ಸಿಲಿಂಡರಿಗೆ ಹಿಡಿದು ನೋಡಿದೆ. ಬಿಗಿ. ಮತ್ತೆ ತಪ್ಪು ಅಳತೆ ಕಳಿಸಿದ್ದಾರೆ ಎಂದು ಬೈದುಕೊಂಡು, ಇನ್ನೊಂದು ಸೆಟ್ಟಾದರೂ ಸರಿಯಿದೆಯೇ ಎಂದು ಪೊಟ್ಟಣ ಬಿಚ್ಚಿ ನೆನೆಹಾಕದ ಒಂದನ್ನು ತೆಗೆದೆ. ಅದು ಬೆರಳಿನಿಂದ ಒತ್ತಿದಷ್ಟಕ್ಕೇ ನಯವಾಗಿ ಒಳಗೆ ಜಾರಿತು. ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕಕ್ಕೆ ಇಟ್ಟುಕೊಂಡೆ. ಎರಡರ ಮೇಲೂ ಒಂದೇ ಅಂಕಿ ಒತ್ತಿತ್ತು. ಒಂದೇ ಅಂಗಡಿ, ಒಂದೇ ಪೊಟ್ಟಣ. ಸೀಮೆಎಣ್ಣೆಯಲ್ಲಿ ರಾತ್ರಿ ಕಳೆದದ್ದು ಊದಿಕೊಂಡಿತ್ತು, ನೆನೆಹಾಕದ್ದು ಇದ್ದ ಹಾಗೆಯೇ ಇತ್ತು.

"ಅದುಕ್ಕೆ ಬೇರೆ ತಟ್ಟೆ ಇತ್ತು" ಎಂದು ಡ್ರೈವರು ಹೇಳಿದ್ದ. ಕಂಬಕ್ಕೆ ಒರಗಿ ನಿಂತು, ಮೆಲ್ಲಗೆ, ನನಗೆ ಅವಮಾನವಾಗದ ಹಾಗೆ ಹೇಳಿದ್ದ. ನಾನು ಕೊಟ್ಟ ಉತ್ತರವೂ ನೆನಪಾಯಿತು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ, ಆದರೂ ಮುಖ ಎತ್ತಲು ಆಗಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಸಿಲಿಂಡರುಗಳ ಒಳಗೆ ಸೀಮೆಎಣ್ಣೆಯ ಪಸೆ ಉಳಿಯದಂತೆ ಒಣ ಬಟ್ಟೆಯಿಂದ ಒರೆಸಿ, ಬ್ರೇಕ್ ಆಯಿಲಿನಲ್ಲೇ ತೊಳೆದೆ. ಕೊಳವೆಯ ಹಳೆಯ ಎಣ್ಣೆಯನ್ನೆಲ್ಲ ಚೆಲ್ಲಿದೆ. ಮನೆಯಿಂದ ಒಂದು ಪಿಂಗಾಣಿ ಬಸಿತಟ್ಟೆ ತಂದು, ಅದರಲ್ಲಿ ಬ್ರೇಕ್ ಆಯಿಲ್ ಹಾಕಿ, ಸೀಮೆಎಣ್ಣೆ ಸೋಕದ ನಾಲ್ಕು ಬಟ್ಟಲುಗಳನ್ನು ಅದ್ದಿ ತೆಗೆದು ಕೂರಿಸಿದೆ. ಗಾಳಿ ತೆಗೆಯಲು ಯಜಮಾನರ ಅಕ್ಕನ ಮಗನನ್ನು ಪೆಡಲ್ ಮೇಲೆ ಕೂರಿಸಿದೆ. ನಾನು "ಬುಡು" ಎನ್ನುವ ಮೊದಲೇ ಅವನು ಕಾಲು ಎತ್ತುತ್ತಿದ್ದ, ಮತ್ತೆ ಗಾಳಿ ಒಳಗೆ ಹೋಗುತ್ತಿತ್ತು. ಅರ್ಧ ಗಂಟೆಯ ಕೆಲಸ ಇಡೀ ಮಧ್ಯಾಹ್ನ ತಿಂದಿತು. ಮುಗಿದ ಮೇಲೆ ಚಕ್ರ ಎತ್ತಿ ತಿರುವಿ ಬಿಟ್ಟೆ. ಮೂರು ಸುತ್ತು ಸುತ್ತಿತು. ತೆರಕಣಾಂಬಿಗೆ ನಾನೇ ಓಡಿಸಿಕೊಂಡು ಹೋಗಿ ಬಂದು, ಇಳಿದು, ಅಂಗೈ ಇಟ್ಟೆ. ತಣ್ಣಗಿತ್ತು. ಸಂತೋಷವಾಗಲಿಲ್ಲ.

ಇಲ್ಲಿಗೆ ಸುಮ್ಮನಾಗಬಹುದಿತ್ತು. ಗಾಡಿ ಸರಿಯಾಯಿತು, ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಎರಡು ದಿನ ಸುಮ್ಮನೆಯೇ ಇದ್ದೆ. ಮೂರನೆಯ ದಿನ ಊದಿದ ಬಟ್ಟಲು ಒಂದನ್ನು, ಹೋಲಿಸಿ ತೋರಿಸಲು ಹಳೆಯ ಸವೆದದ್ದು ಒಂದನ್ನು ಜೇಬಿಗೆ ಹಾಕಿಕೊಂಡು ಮಂಡಿಗೆ ಹೋದೆ. ಶೆಡ್ಡು ಹೋದರೆ ಹೋಗಲಿ, ಮೈಸೂರಿಗೆ ವಾಪಸು ಹೋಗಿ ಯಾವುದಾದರೂ ಗ್ಯಾರೇಜಿನಲ್ಲಿ ಸೇರಿಕೊಂಡರಾಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಯಜಮಾನರ ಮುಂದೆ ಎರಡನ್ನೂ ಇಟ್ಟು, ಸೀಮೆಎಣ್ಣೆ ತಟ್ಟೆಯ ಕಥೆ, ಡ್ರೈವರು ಹೇಳಿದ ಮಾತು, ನಾನು ಜಗುಲಿಯ ಮೇಲೆ ಹೇಳಿದ ಸುಳ್ಳು ಎಲ್ಲವನ್ನೂ ಹೇಳಿದೆ.

ಅವರು ಊದಿದ ಬಟ್ಟಲನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. "ಗಾಡಿ ಈಗ ಸರ್ಯಾಗದಲ್ಲ?" ಎಂದರು.

"ಸರಿಯಾಗದೆ."

"ಅಷ್ಟೇ ಅಲ್ವಾ ಬೇಕಾಗಿದ್ದು."

"ಅವನ್ದು ತೆಪ್ಪಿರ್ಲಿಲ್ಲ ಯಜಮಾನ್ರೇ."

"ಇರ್ಲಿಲ್ಲ ಅಂತ ಈಗ ಗೊತ್ತಾಯ್ತು. ಈಗ ಅಕ್ಕನ ಮಗನ್ನ ಎಬ್ಬಿಸಿ ಅವನ್ನ ಕೂರ್ಸಕ್ಕಾಯ್ತದಾ? ಅಕ್ಕ ಏನಂತಾಳೆ?" ಎಂದು ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ನೀನು ಒಳ್ಳೇವ್ನು ಕಣಪ್ಪ, ಬಂದು ಯೋಳ್ದೆ. ಓಗು, ಕೆಲ್ಸ ನೋಡ್ಕೊ."

ನನ್ನ ಶೆಡ್ಡು ಉಳಿಯಿತು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರ ಅರಿಸಿನದ ಲೋಡಿನ ಜೊತೆ ನಾನೂ ಚಾಮರಾಜನಗರಕ್ಕೆ ಹೋದೆ. ಬ್ರೇಕು ನೋಡಿಕೊಳ್ಳಲು ಎಂದು ಹೇಳಿದ್ದೆ. ಸ್ಟೇಷನ್ ಮುಂದೆ ಲಾರಿಗಳು ನಿಲ್ಲುವ ಜಾಗದಲ್ಲಿ, ಪರಿಚಯದ ಲಾರಿ ಮಾಲೀಕರೊಬ್ಬರಿದ್ದರು. ಹಂಗಳದ ಡ್ರೈವರು ಯಾರಾದರೂ ಕೆಲಸ ಕೇಳಿಕೊಂಡು ಬಂದಿದ್ದನೇ ಎಂದು ವಿಚಾರಿಸಿದೆ.

"ಯಾರು, ಬ್ರೇಕ್ ಕಾಲ್ನವ್ನಾ? ಬಂದಿದ್ದ. ಕಾಲು ಎತ್ತದೇ ಇರೋನ್ನ ಕಟ್ಕೊಂಡು ನಾನೇನ್ ಮಾಡ್ಲಿ?" ಎಂದು ಅವರು ನಕ್ಕರು. ಪಕ್ಕದಲ್ಲಿದ್ದ ಇಬ್ಬರೂ ನಕ್ಕರು.

ನಾನು ಜಗುಲಿಯ ಮೇಲೆ ಕೂತು ಆಡಿದ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಇಲ್ಲಿಗೆ ಬಂದು, ಅವನಿಗೆ ಹೆಸರಾಗಿ ಕೂತಿತ್ತು. ಹಾಗಲ್ಲ, ತಪ್ಪು ನನ್ನದು ಎಂದು ಜೇಬಿನಿಂದ ಬಟ್ಟಲು ತೆಗೆದು ತೋರಿಸಿದೆ. ಸೀಮೆಎಣ್ಣೆ, ರಬ್ಬರು, ಊದಿಕೊಳ್ಳುವುದು ಎಂದು ವಿವರಿಸಿದೆ. ಅವರು ಅರ್ಧ ಕೇಳಿದರು. "ಅವ್ನ ಮೇಲೆ ಭಾಳ ಕರುಣೆ ನಿಂಗೆ" ಎಂದು ಮಾಲೀಕರು ಬೆನ್ನು ತಟ್ಟಿದರು. ಒಂದು ಗೇಲಿಯ ಹೆಸರು ಹರಡಲು ಅರ್ಧ ದಿನ ಸಾಕು. ಅದನ್ನು ಅಳಿಸಲು ಹೊರಟವನು ಅಂಗಡಿ ಅಂಗಡಿಗೂ ರಬ್ಬರ್ ಬಟ್ಟಲು ತೋರಿಸುತ್ತಾ ನಡೆಯಬೇಕು.

ಮರುದಿನ ಖಾಲಿ ಗಾಡಿ ತೆಗೆದುಕೊಂಡು ಒಬ್ಬನೇ ಹಂಗಳಕ್ಕೆ ಹೋದೆ. ಕೇರಿಯಲ್ಲಿ ಕೇಳಿದಾಗ ಬಂಡೀಪುರದ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದಾನೆ ಎಂದರು. ಊರು ದಾಟಿ ಒಂದು ಮೈಲಿ ಹೋದ ಮೇಲೆ ರಸ್ತೆಯ ಬದಿಯಲ್ಲಿ ಕಲ್ಲು ಒಡೆಯುವವರು ಸಾಲಾಗಿ ಕೂತಿದ್ದರು. ದೂರದಿಂದಲೇ ಇಂಜಿನ್ನಿನ ಸದ್ದು ಗುರುತು ಹಿಡಿದು ಒಬ್ಬನು ತಲೆ ಎತ್ತಿದ. ಅವನೇ. ಮಿಲಿಟರಿ ಬೂಟು ಇರಲಿಲ್ಲ, ಬರಿಗಾಲಿಗೆ ಗೋಣಿಯ ಚೂರು ಸುತ್ತಿಕೊಂಡಿದ್ದ. ಮೈಯೆಲ್ಲ ಕಲ್ಲಿನ ಪುಡಿ.

ಗಾಡಿ ನಿಲ್ಲಿಸಿ ಇಳಿದೆ. ನಾನು ಬಾಯಿ ತೆರೆಯುವ ಮೊದಲು ಅವನ ಕಣ್ಣು ಚಕ್ರದ ಕಡೆ ಹೋಗಿತ್ತು. ಸುತ್ತಿಗೆ ಕೆಳಗಿಟ್ಟು ಎದ್ದು ಬಂದು, ಕುಕ್ಕರುಗಾಲಲ್ಲಿ ಕೂತು, ಎಡ ಚಕ್ರದ ನಡುವೆ ಅಂಗೈ ಇಟ್ಟ. ಎದ್ದು ಹೋಗಿ ಬಲ ಚಕ್ರಕ್ಕೂ ಇಟ್ಟ.

"ತಣ್ಣಗದೆ" ಎಂದ.

"ಬೇರೆ ತಟ್ಟೆ ಮಡಗ್ದೆ" ಎಂದೆ.

ಅವನು ತಲೆ ಆಡಿಸಿದ. ನಾನು ಯಜಮಾನರಿಗೆ ಹೇಳಿದ್ದು, ಚಾಮರಾಜನಗರದಲ್ಲಿ ಹೇಳಿದ್ದು ಎಲ್ಲವನ್ನೂ ಹೇಳಿದೆ. ಅವರೇನಂದರು ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ಸೀಟು ಖಾಲಿಯಾಗಿದ್ದರೆ ನಾನು ಮೊದಲು ಅದನ್ನೇ ಹೇಳುತ್ತಿದ್ದೆ. ತಪ್ಪಾಯ್ತು ಎಂದೆ. ಅದಕ್ಕೂ ಅವನು ತಲೆ ಆಡಿಸಿದ.

"ಒಂದ್ ಮಾತು ಕೇಳು" ಎಂದೆ. "ನನ್ನ ಶೆಡ್ಗೆ ಬಂದ್ಬುಡು. ಇಬ್ರೂ ಸೇರಿ ಕೆಲ್ಸ ಮಾಡನ. ಎಣ್ಣೆ ಬ್ರೇಕು ನಿಂಗೆ ನನಗಿಂತ ಚೆನ್ನಾಗಿ ಗೊತ್ತದೆ."

ಅವನು ನನ್ನ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದ. ಕೋಪ ಇರಲಿಲ್ಲ. ನಿಪ್ಪಲ್ ಬಿಗಿಯಾಯಿತೇ ಎಂದು ವಿಚಾರಿಸುವಾಗ ಇರುತ್ತಿದ್ದ ದನಿಯಲ್ಲೇ ಕೇಳಿದ.

"ನಿಮ್ಮ ಶೆಡ್ನಲ್ಲಿ ನಾನು ಯಾವ ತಟ್ಟೇಲಿ ಉಣ್ಣದು ಮೇಸ್ತ್ರಿ?"

ನನ್ನ ಮಧ್ಯಾಹ್ನದ ಊಟ ಮನೆಯಿಂದ ಬರುತ್ತಿತ್ತು. ತಟ್ಟೆ ಹೆಂಡತಿ ತೊಳೆಯುತ್ತಿದ್ದಳು. ಶೆಡ್ಡಿನ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆ, ಯಜಮಾನರ ಬಾವಿಯಿಂದ ತುಂಬಿಸಿದ್ದು. ಇವೆಲ್ಲ ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು. ನನ್ನ ತಟ್ಟೆಯಲ್ಲೇ ಎಂದು ಹೇಳಬೇಕಿತ್ತು. ಹೇಳುತ್ತಿದ್ದೆ ಕೂಡ, ಒಂದು ಗಳಿಗೆ ತಡವಾಯಿತು. ಆ ಒಂದು ಗಳಿಗೆಯನ್ನು ಅವನು ನೋಡಿಬಿಟ್ಟ.

"ಆಯ್ತು ಬುಡಿ" ಎಂದ ಮೆಲ್ಲಗೆ. "ವಾರಕ್ಕೊಂದ್ ದಪ ಆಯಿಲ್ ಮಟ್ಟ ನೋಡ್ಕಳಿ. ಹೊಸಬ್ರು ನೋಡಾಕಿಲ್ಲ." ವಾಪಸು ಹೋಗಿ ಕೂತು ಸುತ್ತಿಗೆ ಎತ್ತಿಕೊಂಡ.

ಗಾಡಿ ತಿರುಗಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಬ್ರೇಕು ಒಂದು ಸಲವೂ ಹಿಡಿಯಲಿಲ್ಲ, ಪೆಡಲ್ ಬೆಣ್ಣೆಯ ಹಾಗೆ ಬಿಡುತ್ತಿತ್ತು. ಶೆಡ್ಡಿನ ಮುಂದೆ ನಿಲ್ಲಿಸಿ ಇಳಿದಾಗ ಎಡ ಚಕ್ರದ ನಡುವೆ, ಗ್ರೀಸಿನ ಪಸೆಗೆ ಅಂಟಿಕೊಂಡು, ಅವನ ಅಂಗೈಯ ಬಿಳೀ ಕಲ್ಲುಪುಡಿಯ ಗುರುತು ಹಾಗೇ ಇತ್ತು. ಆ ಗುರುತು ಅಳಿಸಿಹೋದೀತೆಂದು, ಚಕ್ರ ಬಿಸಿಯಾಗಿದೆಯೇ ಎಂದು ನೋಡಲು ಅವತ್ತು ನಾನು ಅದರ ಮೇಲೆ ಕೈ ಇಡಲಿಲ್ಲ.